ಎರಡನೇ ಸಾಕ್ಷಿ

"ಕಥೆ ಚೆನ್ನಾಗಿದೆ. ಎರಡನೇ ಸಾಕ್ಷಿ ಎಲ್ಲಿದೆಯಮ್ಮ?" ಎಂದು ಚರಿತ್ರೆ ಮೇಷ್ಟ್ರು ಹಾಳೆಗಳನ್ನು ವಾಪಸು ಕೊಟ್ಟಾಗ ಹುಡುಗಿಯ ಮುಖ ಸಪ್ಪಗಾಯಿತು. ಈ ವರ್ಷ ಇಸವಿಗಳನ್ನು ಉರು ಹೊಡೆಯುವ ಹಾಗಿರಲಿಲ್ಲ. ತಮ್ಮ ಬೀದಿಯ ಚರಿತ್ರೆಯನ್ನು ತಾವೇ ಕೇಳಿ ಬರೆಯುವುದೇ ಹತ್ತನೇ ತರಗತಿಯ ಪ್ರಾಜೆಕ್ಟು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರ ಬಾಯಲ್ಲೂ ಕೇಳಬೇಕೆನ್ನುವುದು ಮೇಷ್ಟ್ರ ಹಠ.

ಅವಳು ಬರೆದದ್ದು ನೂಲಿನ ಗಿರಣಿಗೆ ಬೆಂಕಿ ಬಿದ್ದ ದಿನದ ಕಥೆ. ಅಜ್ಜಿ ಸಾವಿರ ಸಲ ಹೇಳಿದ್ದು. ಹೊಗೆಯಲ್ಲಿ ಅಜ್ಜಿಯ ಕಾಲು ಯಂತ್ರದಡಿ ಸಿಕ್ಕಿಬಿತ್ತು. ಎಲ್ಲರೂ ಉದ್ದಜಡೆ ಎಂದೇ ಕರೆಯುತ್ತಿದ್ದ ಜೀವದ ಗೆಳತಿ ಕೈ ಕೊಸರಿಕೊಂಡು ಓಡಿಹೋದಳು. ಯಾರೋ ಪುಣ್ಯಾತ್ಮರು ಎತ್ತಿಕೊಂಡು ಬಂದರು. ಅಂದಿನಿಂದ ಮೂವತ್ತು ವರ್ಷ ಎದುರು ಮನೆಯಲ್ಲೇ ಇರುವ ಆ ಗೆಳತಿಯೊಂದಿಗೆ ಅಜ್ಜಿಗೆ ಮಾತಿಲ್ಲ.

"ನಾಚಿಕೆಗೆ ತಲೆ ಮುಚ್ಕೊಂಡು ಓಡಾಡ್ತಾಳೆ. ಅವಳೇನು ಸಾಕ್ಷಿ ಹೇಳ್ತಾಳೆ?" ಎಂದು ಅಜ್ಜಿ ಸಿಡುಕಿದಳು. "ನಿಮ್ಮ ಮೇಷ್ಟ್ರು ಬಂದು ನನ್ನ ಕುಂಟುಕಾಲು ನೋಡ್ಲಿ!"

ಹುಡುಗಿ ಮಾರನೆಯ ಸಂಜೆ ಕಳ್ಳಹೆಜ್ಜೆಯಲ್ಲಿ ಎದುರು ಮನೆಗೆ ಹೋದಳು. ಉದ್ದಜಡೆ ಬಟ್ಟೆ ಮಡಚುತ್ತಿದ್ದಳು.

"ಕೈ ಬಿಡಿಸ್ಕೊಂಡಿದ್ದು ನಿಜ ಕಣೇ. ಯಂತ್ರ ನನ್ನೊಬ್ಬಳಿಂದ ಅಲ್ಲಾಡ್ಲಿಲ್ಲ. ಹೊರಗಿದ್ದ ಹಮಾಲರನ್ನ ಎಳ್ಕೊಂಡು ಬಂದೆ. ಅಷ್ಟೊತ್ತಿಗೆ ಅವಳಿಗೆ ಎಚ್ಚರ ಇರ್ಲಿಲ್ಲ. ವಾಪಸು ಬರೋವಾಗ ನನ್ನ ಜಡೆಗೆ ಬೆಂಕಿ ಹತ್ಕೊಳ್ತು." ಅವಳು ತಲೆಯ ಬಟ್ಟೆ ಸರಿಸಿದಳು. ಹಿಂತಲೆಯ ಸುಟ್ಟ ಚರ್ಮದ ಮೇಲೆ ಕೂದಲೇ ಇರಲಿಲ್ಲ.

"ಅಜ್ಜಿಗೆ ಯಾಕೆ ಹೇಳ್ಲಿಲ್ಲ?"

"ಆಸ್ಪತ್ರೆಗೆ ಹೋದ್ರೆ ಗೋಡೆ ಕಡೆ ತಿರುಗಿ ಮಲಗಿದ್ಳು. ನಂಗೂ ಸಿಟ್ಟು ಬಂತು. ಅವಳೇ ಕೇಳ್ಲಿ ಅಂತ ಕೂತೆ. ಇವತ್ತಿನವರೆಗೆ ಯಾರೂ ಕೇಳ್ಲಿಲ್ಲ."

ಪ್ರಾಜೆಕ್ಟಿನಲ್ಲಿ ಹುಡುಗಿ ಎರಡೂ ಮಾತುಗಳನ್ನು ಅಕ್ಕಪಕ್ಕ ಬರೆದಳು. ಮಾರ್ಕ್ಸಿಗಾಗಿ ಅಜ್ಜಿಯನ್ನೇ ಸುಳ್ಳುಗಾತಿ ಮಾಡಿಬಿಟ್ಟೆನೇ ಎಂದು ಅವಳಿಗೆ ಅಳುಕು. ಅಜ್ಜಿಗೆ ಹೇಳದೆಯೇ ಹಾಳೆಗಳನ್ನು ಮೇಷ್ಟ್ರಿಗೆ ಕೊಟ್ಟಳು.

ಪ್ರಾಜೆಕ್ಟುಗಳನ್ನು ನೋಡಲು ಶಾಲೆಯವರು ಬೀದಿಯವರನ್ನೆಲ್ಲ ಕರೆದಿದ್ದ ಪ್ರದರ್ಶನದ ದಿನ ಅಜ್ಜಿ ಕೋಲೂರಿಕೊಂಡು ಬಂದಳು. ತನ್ನ ಮಾತನ್ನು ಓದಿ ತಲೆದೂಗಿದಳು. ಪಕ್ಕದ್ದನ್ನು ಓದಿದಳು. ಕನ್ನಡಕ ಒರೆಸಿಕೊಂಡು ಮತ್ತೆ ಓದಿದಳು. ಮೊಮ್ಮಗಳ ಕಡೆ ತಿರುಗಿದಳು.

"ಅವಳ ತಲೆ ನೀನು ನೋಡಿದ್ಯಾ?"

"ಹೂಂ ಅಜ್ಜಿ."

ಉದ್ದಜಡೆ ಬಾಗಿಲ ಬಳಿ, ಒಳಗೆ ಬರುವುದೋ ಬೇಡವೋ ಎಂದು ನಿಂತಿದ್ದಳು. ಅಜ್ಜಿ ಕುಂಟುತ್ತ ಅವಳ ಬಳಿಗೆ ಹೋದಳು. ಅಜ್ಜಿ ಕೋಲನ್ನು ಮೊಮ್ಮಗಳ ಕೈಗೆ ಕೊಟ್ಟು, ಗೆಳತಿಯ ತಲೆಯ ಬಟ್ಟೆಯೊಳಗೆ ಮೆಲ್ಲಗೆ ಕೈ ತೂರಿಸಿ, ಅಲ್ಲಿಯೇ ಇಟ್ಟುಕೊಂಡು ನಿಂತಳು.