ಹೆಸರಿಲ್ಲದ ಬೆರಳುಗಳು

ಮೊಬೈಲಿನಲ್ಲಿ ಟೈಪ್ ಮಾಡುವ ಬಗೆಯಿಂದಲೇ ಕೈನಡುಕದ ಕಾಯಿಲೆಯನ್ನು ಮೊದಲೇ ಗುರುತಿಸಬಹುದೇ ಎಂದು ಸಂಶೋಧಕಿ ಪರೀಕ್ಷಿಸುತ್ತಿದ್ದಳು. ದಾಖಲೆಗಳಲ್ಲಿ ಯಾರ ಹೆಸರೂ ಇರಲಿಲ್ಲ. ಆದರೂ ಪದಪದದ ನಡುವೆ ಎರಡೆರಡು ಸಲ ಜಾಗ ಬಿಟ್ಟಿದ್ದ ಒಂದು ದಾಖಲೆಯನ್ನು ಅವಳು ಮತ್ತೆ ಮತ್ತೆ ನೋಡಿದಳು. ಹಾಗೆ ಬರೆಯುವವರು ಅವಳ ಸೋದರಮಾವ; ಅವರೂ ಈ ಪರೀಕ್ಷೆಯಲ್ಲಿ ಪಾಲ್ಗೊಂಡಿದ್ದರು. ಕಾಯಿಲೆಯ ಸುಳಿವೂ ಅಲ್ಲೇ ಇತ್ತು.

ಯಾರನ್ನೂ ಗುರುತು ಹಿಡಿಯುವುದಿಲ್ಲವೆಂದು ಅವಳು ಮಾತು ಕೊಟ್ಟಿದ್ದಳು. ಸುಮ್ಮನಿರಲೂ ಮನಸ್ಸು ಒಪ್ಪಲಿಲ್ಲ. ಕೊನೆಗೆ ಮೇಲಿನವರ ಒಪ್ಪಿಗೆ ಪಡೆದು, ಫಲಿತಾಂಶ ತಿಳಿಯಲು ಇಷ್ಟವಿದೆಯೇ ಎಂದು ಪಾಲ್ಗೊಂಡ ಎಲ್ಲರಿಗೂ ಸಂದೇಶ ಕಳಿಸಿದಳು.

ಸಂಜೆ ಮಾವನ ಫೋನ್ ಬಂತು. "ಬೇಕು ಅನ್ನಲಾ, ಬೇಡ ಅನ್ನಲಾ, ಪುಟ್ಟಿ?"

"ಅದನ್ನ ನಾನು ಹೇಳೋ ಹಾಗಿಲ್ಲ ಮಾವ. ನೋಡೋದಾದ್ರೆ ಪಕ್ಕದಲ್ಲೇ ಕೂತಿರ್ತೀನಿ."

ಮಾವ ಮೆಲ್ಲಗೆ, "ಭಾನುವಾರ ಬಾ, ಇಬ್ಬರೂ ನೋಡೋಣ" ಅಂದರು.