ಬಾಟಲಿಯಲ್ಲಿ ಉಳಿದ ನೀರು

ಹೊಳೆಮ್ಮನ ಸಂಶೋಧನೆ ಮೊದಲ ವಾರವೇ ಹಸಿ ಸುಳ್ಳು ಹೇಳಿತು. ಹುಡುಗಿ ಸುಳ್ಳುಗಾತಿಯಲ್ಲ. ಅಳೆದದ್ದನ್ನು ಅಳೆದ ಹಾಗೆಯೇ ಬರೆದಿದ್ದಳು. ಆದರೂ ಸುಳ್ಳು ಸುಳ್ಳೇ.

ಅವಳು ಸಂಡೂರು ತಾಲ್ಲೂಕಿನ ಹುಣಸೆಹಟ್ಟಿಯ ಸರ್ಕಾರಿ ಶಾಲೆಯಲ್ಲಿ ಏಳನೇ ತರಗತಿ. ಅಜ್ಜಿಯ ಹೆಸರು ಹೊತ್ತವಳು. ಐಶ್ವರ್ಯ, ಸುಷ್ಮಿತಾ ಎಂದೆಲ್ಲ ಹಾಜರಿ ಕರೆದು ನಡುವೆ ‘ಹೊಳೆಮ್ಮ’ ಎಂದಾಗ ಹಿಂದಿನ ಬೆಂಚಿನ ಹುಡುಗರು ಕಿಸಕ್ಕೆಂದರೆ, “ಏನಲೇ?” ಎಂದು ತಿರುಗಿ ನಿಲ್ಲುವ ಪೈಕಿ. ಆ ವರ್ಷ ಹೊಸಪೇಟೆಯಲ್ಲಿ ಆರರಿಂದ ಎಂಟನೇ ತರಗತಿಯ ಮಕ್ಕಳಿಗೆಂದು ಶನಿವಾರ ಮಧ್ಯಾಹ್ನದ ಸಂಶೋಧನಾ ತರಗತಿ ಶುರುವಾಗಿತ್ತು. ವಿಜ್ಞಾನ ಕಲಿಸುವ ಶೈಲಜಾ ಟೀಚರ್ ಅವಳ ಹೆಸರು ಕೊಟ್ಟಿದ್ದರು, ವಾರವಾರವೂ ತಾವೇ ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತಿದ್ದರು.

ಆ ತರಗತಿ ನಡೆಸುತ್ತಿದ್ದವನು ಹಾಲೇಶ್ ಎಂಬ ತರುಣ. ಮೊದಲ ದಿನವೇ ಹೇಳಿಬಿಟ್ಟ, “ಥರ್ಮಾಕೋಲ್ ಜ್ವಾಲಾಮುಖಿ ತಂದೋರನ್ನ ಗೇಟಿನ ಹೊರಗ ನಿಲ್ಲಿಸ್ತೀನಿ. ನಿಮ್ಮ ಮನ್ಯಾಗ, ಸಾಲ್ಯಾಗ ಒಂದು ಪ್ರಶ್ನೆ ಹುಡುಕ್ರಿ. ಅದರ ಉತ್ತರ ನಿಮಗೂ ಗೊತ್ತಿರಬಾರದು, ನನಗೂ ಗೊತ್ತಿರಬಾರದು.” ಕಂಪ್ಲಿಯ ಹುಡುಗನೊಬ್ಬ ಭತ್ತದ ಹೊಟ್ಟಿನ ಬೆನ್ನು ಹತ್ತಿದ. ಹಂಪಿಯ ಹುಡುಗಿ, ಪ್ರವಾಸಿಗರ ಕೈಯಿಂದ ಕೋತಿಗಳು ಏನೇನು ಕಿತ್ತುಕೊಳ್ಳುತ್ತವೆ ಎಂದು ಎಣಿಸತೊಡಗಿದಳು. ಹೊಳೆಮ್ಮ ಬರೆದದ್ದು ಇಷ್ಟೇ: ನಮ್ಮ ಶಾಲೆಯ ಹುಡುಗಿಯರು ದಿನಕ್ಕೆ ಎಷ್ಟು ನೀರು ಕುಡಿಯುತ್ತಾರೆ?

ಈ ಪ್ರಶ್ನೆ ಗಾಳಿಯಿಂದ ಬಂದದ್ದಲ್ಲ. ಹಿಂದಿನ ತಿಂಗಳು ಅವಳ ಗೆಳತಿ ಐಶ್ವರ್ಯ ಉರಿಮೂತ್ರವಾಗಿ, ಜ್ವರ ಏರಿ, ಪ್ರಾರ್ಥನೆಯ ಸಾಲಿನಲ್ಲೇ ಕುಸಿದಿದ್ದಳು. ಸಂಡೂರಿನ ಡಾಕ್ಟರು, “ನೀರು ಕುಡಿಯಂಗಿಲ್ಲೇನವ್ವಾ?” ಎಂದು ಗದರಿದ್ದರು. ಐಶ್ವರ್ಯಳ ತಾಯಿ, “ದಿನಾ ತುಂಬಿ ಕಳಿಸ್ತೀನ್ರಿ, ಬಾಟ್ಲಿ ಖಾಲಿ ಬರ್ತೈತಿ” ಎಂದು ಆಣೆ ಮಾಡಿದ್ದಳು.

ಶಾಲೆಯಲ್ಲಿ ಆರು, ಏಳನೇ ತರಗತಿಯ ಹುಡುಗಿಯರು ಮೂವತ್ತೊಂದು ಮಂದಿ. ಎಲ್ಲರದೂ ಒಂದು ಲೀಟರಿನ ಬಾಟಲಿ. ಸಂಜೆ ಗಂಟೆ ಬಾರಿಸಿದ ಕೂಡಲೇ ಹೊಳೆಮ್ಮ ಗೇಟಿಗೆ ಅಡ್ಡ ನಿಂತು, ಅಳತೆಯ ಜಗ್ಗಿಗೆ ಒಬ್ಬೊಬ್ಬರದೇ ಬಗ್ಗಿಸಿ ನೋಡಿದಳು. ಒಂದು ಹನಿಯೂ ಬೀಳಲಿಲ್ಲ. ವಾರವಿಡೀ ಹಾಗೆಯೇ. ‘ಹುಡುಗಿಯರು ತಲಾ ಒಂದು ಲೀಟರ್ ಕುಡಿಯುತ್ತಾರೆ’ ಎಂದು ಬರೆದು, ಕೆಳಗೆ ಸ್ಕೆಚ್ ಪೆನ್ನಿನಲ್ಲಿ ಗೆರೆ ಎಳೆದು ಹೊಸಪೇಟೆಗೆ ಒಯ್ದಳು.

ಹಾಲೇಶ್ ಹಾಳೆ ನೋಡಿ, “ಮತ್ತ ನಿನ್ನ ಗೆಳತಿ ಯಾಕ ಬಿದ್ಲು?” ಎಂದ. 

ಉತ್ತರ ಸಿಕ್ಕಿದ್ದು ಬುಧವಾರ. ಕೊನೆಯ ಪಿರಿಯಡ್ಡಿಗೆ ಸೀಮೆಸುಣ್ಣ ತರಲು ಹೋದವಳು ಬಿಸಿಯೂಟದ ಕೋಣೆಯ ಹಿಂದೆ ಹಾದಳು. ಅಲ್ಲಿ ಕರಿಬೇವಿನ ಗಿಡದ ಸುತ್ತ ಹತ್ತು ಹನ್ನೆರಡು ಹುಡುಗಿಯರು ನಿಂತು, ಬಾಟಲಿ ಬೋರಲು ಹಾಕಿ ಗಳಗಳನೆ ನೀರು ಸುರಿಯುತ್ತಿದ್ದರು. ಊರೆಲ್ಲ ಕೆಂಪು ಧೂಳಿನಲ್ಲಿ ಒಣಗಿ ನಿಂತಿದ್ದರೆ ಆ ಗಿಡವೊಂದು ಮಾತ್ರ ಮದುವಣಗಿತ್ತಿಯ ಹಾಗೆ ಹಸಿರಾಗಿತ್ತು.

“ಹೊತ್ಕೊಂಡು ಹೋದ್ರ ನಮ್ಮವ್ವ ಬೈತಾಳ” ಎಂದಳು ಒಬ್ಬಳು. ಕುಡಿಯಲೆಂದು ಕೊಟ್ಟ ನೀರನ್ನು ಹಾಗೇ ವಾಪಸ್ ತಂದರೆ ಯಾವ ತಾಯಿ ಸುಮ್ಮನಿರುತ್ತಾಳೆ? ಅದಕ್ಕೆ ದಿನವೂ ಗಂಟೆಗೆ ಮೊದಲು ಗಿಡಕ್ಕೆ ಅಭಿಷೇಕ. ಹೊಳೆಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ವಾರದ ದುಡಿಮೆ ಗಿಡದ ಬುಡ ಸೇರಿತ್ತಲ್ಲ! ನಾಲ್ಕು ಮಾತು ಬೈಯಲು ಬಾಯಿ ತೆರೆದವಳು ಹಾಗೆಯೇ ನಿಂತಳು. ಎರಡು ವರ್ಷದಿಂದ ಅವಳೂ ದಿನಾ ಅಲ್ಲೇ ಸುರಿದು ಹೋಗುತ್ತಿದ್ದಳು. ಎಷ್ಟು ರೂಢಿಯೆಂದರೆ, ಅಳೆಯಲು ಕೂತಾಗ ಅದು ನೆನಪಿಗೇ ಬಂದಿರಲಿಲ್ಲ.

ಮರುದಿನದಿಂದ ಅಳತೆ ಮೂರು ಗಂಟೆಗೆ, ಸುರಿಯುವ ಮುಂಚೆ. ಲೀಟರಿನಲ್ಲಿ ಎಂಟುನೂರು ಮಿಲಿ ಹಾಗೇ ಉಳಿದಿತ್ತು. ಹುಡುಗರ ಬಾಟಲಿಯಲ್ಲಿ ಇನ್ನೂರೂ ಇರಲಿಲ್ಲ. ಕಾರಣವನ್ನು ಚೀಟಿಯಲ್ಲಿ ಬರೆದುಕೊಡಿ, ಹೆಸರು ಬೇಡ ಎಂದಳು. ಮೂವತ್ತೊಂದು ಚೀಟಿಯಲ್ಲೂ ಒಂದೇ ಮಾತು: ಕುಡಿದರೆ ಹೋಗಬೇಕಾಗುತ್ತದೆ, ಹೋಗಲು ಜಾಗವಿಲ್ಲ.

ಜಾಗವಿಲ್ಲದೆ ಏನು! ಹೊಳೆಯುವ ಟೈಲ್ಸಿನ ಶೌಚಾಲಯ ಎದ್ದು ನಿಂತಿತ್ತು. ‘ತಾಲ್ಲೂಕಿನ ಸ್ವಚ್ಛ ಶಾಲೆ’ ಎಂಬ ಬಹುಮಾನದ ಫಲಕ ಆಫೀಸಿನ ಗೋಡೆಯ ಮೇಲಿತ್ತು. ಅದರ ಪಕ್ಕದ ಮೊಳೆಯಲ್ಲಿ ಶೌಚಾಲಯದ ಕೀಲಿ ತೂಗುತ್ತಿತ್ತು. ಮಕ್ಕಳಾರೂ ಕಾಲಿಡದ ಜಾಗ ಸ್ವಚ್ಛವಾಗಿರದೆ ಇನ್ನೇನಾದೀತು?

“ಚೀಟ್ಯಾಗ ಬರದದ್ದು ಅವರ ಮಾತು. ಕೇಳಿದ್ರ ಕೀಲಿ ಕೊಡ್ತಾರೋ ಇಲ್ಲೋ, ಅದನ್ನೂ ಪರೀಕ್ಷೆ ಮಾಡು” ಎಂದ ಹಾಲೇಶ್. ಅವಳು ಮಾಡಿದಳು. ಹನ್ನೆರಡು ದಿನ, ದಿನಕ್ಕೊಬ್ಬ ಹುಡುಗಿಯನ್ನು ಆಫೀಸಿಗೆ ಕಳಿಸಿ, ಕೊಟ್ಟರೋ ಇಲ್ಲವೋ ಎಂದು ಅಳತೆಯ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಟ್ಟಳು.

ಆ ಹಾಳೆಯೇ ಹೆಡ್‌ಮಾಸ್ಟರ್ ರೇವಣಸಿದ್ದಪ್ಪನವರ ಕಣ್ಣಿಗೆ ಬಿತ್ತು. ಹೊಸಪೇಟೆಯ ತರಗತಿಯ ಕೊನೆಗೆ ಆರು ಮಕ್ಕಳನ್ನು ಆರಿಸಿ, ಬೇಸಿಗೆಯಲ್ಲಿ ಹದಿನೈದು ದಿನ ಧಾರವಾಡದ ಪ್ರಯೋಗಾಲಯಕ್ಕೆ ಕಳಿಸುವುದೆಂದು ಗೊತ್ತಾಗಿತ್ತು. ಅರ್ಜಿಗೆ ಹೆಡ್‌ಮಾಸ್ಟರ್ ಸಹಿ ಬೇಕು. ಸಹಿಗೆಂದು ಹೋದಾಗ ಅವರು ಇಡೀ ಪುಸ್ತಕ ತಿರುವಿದರು.

“ನೋಡವ್ವಾ, ಬೀಗ ತಗದ್ರ ಎರಡ ದಿನದಾಗ ಒಳಗ ಕಾಲಿಡಾಕ ಆಗಂಗಿಲ್ಲ. ತೊಳೆಯಾಕ ಆಳಿಲ್ಲ. ಮೂರು ಸಲ ನಾನ ಕಸಬರಿಗಿ ಹಿಡಿದು ತೊಳದೀನಿ, ಗೊತ್ತೈತೇನು? ಆ ಟೈಲ್ಸಿಗೆ ಎಷ್ಟು ಮಂದಿ ಬಾಗ್ಲಾ ಕಾದೀನಿ, ಅದಾರ ಗೊತ್ತೈತೇನು?”

ಮನುಷ್ಯ ಸುಳ್ಳು ಹೇಳುತ್ತಿರಲಿಲ್ಲ. ಹೊಳೆಮ್ಮ ತಲೆ ತಗ್ಗಿಸಿದಳು, ಆದರೆ ಬಾಯಿ ತಗ್ಗಲಿಲ್ಲ. “ಹುಡುಗ್ರಿಗೆ ಹಿಂದಿನ ಕಾಂಪೌಂಡ್ ಗ್ವಾಡಿ ಐತ್ರಿ ಸರ್. ನಾವೆಲ್ಲಿ ಹೋಗ್ಬೇಕ್ರಿ?”

ಅವರ ಮುಖ ಕೆಂಪೇರಿತು. “ನೀರಿನ ಮಹತ್ವ ಅಂತ ಬರಿ, ಮಸ್ತ್ ಚಿತ್ರ ಹಾಕು. ಈ ಕೊನೀ ಹಾಳಿ ಹರದು ತಾ, ಸಹಿ ಮಾಡ್ತೀನಿ. ಇದು ಇದ್ರ ಧಾರವಾಡ ಮರ್ತುಬಿಡು.”

ಧಾರವಾಡವನ್ನು ಮರೆಯುವುದು ಸುಲಭವೇ? ಮೊದಲ ಶನಿವಾರ ಹಾಲೇಶ್ ಸೂಕ್ಷ್ಮದರ್ಶಕದ ಕೆಳಗೆ ಕಾಲುವೆ ನೀರಿನ ಒಂದು ತೊಟ್ಟು ಇಟ್ಟು ತೋರಿಸಿದ್ದ. ಅದರೊಳಗೆ ಏನೇನೋ ಈಜುತ್ತಿದ್ದವು. ಹಿಂದಿನವರು ತಳ್ಳಿದರೂ ಅವಳು ಕಣ್ಣು ಕೀಳಲಿಲ್ಲ. ಧಾರವಾಡದಲ್ಲಿ ಒಬ್ಬೊಬ್ಬರಿಗೂ ಒಂದೊಂದು ಅಂತೆ. ಅವಳಿಗೆ ಅದು ಬೇಕಿತ್ತು, ಹಬ್ಬಕ್ಕೆ ಹೊಸ ಬಟ್ಟೆ ಬೇಕೆನ್ನುವುದಕ್ಕಿಂತ ನೂರು ಪಾಲು ಹೆಚ್ಚಾಗಿ ಬೇಕಿತ್ತು.

ಸಂಜೆ ಮೆಣಸಿನಕಾಯಿ ಹೊಲದಿಂದ ಬಂದ ತಾಯಿಗೆ ಎಲ್ಲ ಹೇಳಿದಳು. ತಾಯಿ ಕೈಕಾಲು ತೊಳೆಯುತ್ತಲೇ, “ಹರದು ಕೊಡು, ಸಹಿ ಹಾಕಿಸ್ಕೋ. ನಿನಗ್ಯಾಕ ಊರ ಉಸಾಬರಿ?” ಎಂದಳು. ಆಮೇಲೆ ಚೊಂಬು ಕೆಳಗಿಟ್ಟು, “ನೀನೂ ಚೆಲ್ತಿದ್ದೇನು?” ಎಂದು ಕೇಳಿದಳು.

“ಹೂಂ.”

ತಾಯಿ ಸೆರಗಿನಿಂದ ಕೈ ಒರೆಸಿಕೊಂಡಳು. “ಹೊಲದಾಗ ನಾವೂ ಹಂಗಾ” ಎಂದಳು. “ಸುತ್ತ ಗಂಡಸರು ಇರ್ತಾರ. ಸಂಜಿತನ ಬಾಯಿಗೆ ನೀರು ಹಾಕಂಗಿಲ್ಲ. ನಮ್ಮದು ಹೆಂಗೋ ಮುಗೀತು ಬಿಡು.”

ಹೊಳೆಮ್ಮ ಆ ಮಾತು ಕೇಳಿ ಪುಸ್ತಕವನ್ನು ಚೀಲದಲ್ಲಿಟ್ಟಳು. ಹಾಳೆ ಹರಿಯಲಿಲ್ಲ.

ಕೊನೆಯ ಶನಿವಾರ ಹೊಸಪೇಟೆಯ ಸಭಾಂಗಣ ತುಂಬಿತ್ತು. ಶಾಲೆಗಳ ಮುಖ್ಯಸ್ಥರೆಲ್ಲ ಮುಂದಿನ ಸಾಲಿನಲ್ಲಿ, ರೇವಣಸಿದ್ದಪ್ಪನವರು ನಟ್ಟನಡುವೆ. ಹೊಳೆಮ್ಮ ಕರಿಬೇವಿನ ಗಿಡದ ಕತೆ ಹೇಳಿದಾಗ ಸಭೆ ನಕ್ಕಿತು. ತೀರ್ಪುಗಾರರಲ್ಲಿ ಒಬ್ಬ ಹೆಂಗಸು ನಗಲಿಲ್ಲ. “ಕುಡಿಯೋದಿಲ್ಲ ಯಾಕವ್ವಾ?” ಎಂದರು. ಹೊಳೆಮ್ಮ ಕೊನೆಯ ಹಾಳೆಯನ್ನು ಎತ್ತಿ ಹಿಡಿದಳು.

ರೇವಣಸಿದ್ದಪ್ಪನವರು ದಡಕ್ಕನೆ ಎದ್ದರು. “ಹುಡುಗಿಗೆ ತಿಳಿಯಂಗಿಲ್ರಿ. ಕೇಳಿದವ್ರಿಗೆ ನಾವು ಕೀಲಿ ಕೊಟ್ಟ ಕೊಡ್ತೀವಿ.”

ಹೊಳೆಮ್ಮ ಹಾಳೆ ಕೆಳಗಿಳಿಸಲಿಲ್ಲ.  “ಹನ್ನೆರಡು ದಿನ ಕೇಳೀವ್ರಿ ಸರ್. ಎರಡು ದಿನ ಸಿಕ್ಕೈತಿ. ಎರಡೂ ದಿನ ಸಂಡೂರಿಂದ ಸಾಹೇಬ್ರು ಸಾಲಿ ನೋಡಾಕ ಬಂದಿದ್ರು. ನೀವೂ ಲೆಕ್ಕ ಇಟ್ಟಿದ್ರ ತೋರಸ್ರಿ, ನಂದು ತಪ್ಪಿದ್ರ ಈಗಿಂದೀಗ ತಿದ್ಕೊಂತೀನಿ.”

ಈ ಸಲ ಯಾರೂ ನಗಲಿಲ್ಲ. ರೇವಣಸಿದ್ದಪ್ಪನವರು ಕುಳಿತುಕೊಂಡರು.

ಆರು ಹೆಸರು ಓದಿದರು. ಕೋತಿ ಎಣಿಸಿದವಳು ಇದ್ದಳು, ಹೊಟ್ಟಿನ ಹುಡುಗನಿದ್ದ. ಹೊಳೆಮ್ಮ ಇರಲಿಲ್ಲ. ಹಾಲೇಶ್ ಮುಖ ಸಣ್ಣದು ಮಾಡಿಕೊಂಡು ಬಂದ. “ಸಹಿ ಇಲ್ಲದ ಅರ್ಜಿ ತಗೊಳ್ಳಾಕ ಬರಂಗಿಲ್ಲವ್ವಾ.”

“ನನ್ನ ಲೆಕ್ಕ ತಪ್ಪೇನ್ರಿ?”

“ಇಲ್ಲ. ಇಲ್ಲಿದ್ದವ್ರ ಎಲ್ಲಾರಗಿಂತ ಸರಿ ಐತಿ.”

“ಸಾಕ್ರಿ” ಎಂದಳು. ಸಾಕಾಗಿರಲಿಲ್ಲ. ಸಂಡೂರಿನ ಬಸ್ಸು ಅದಿರು ಲಾರಿಗಳ ಹಿಂದೆ ತೆವಳುತ್ತ ಘಟ್ಟ ದಾಟುವವರೆಗೂ ಕಿಟಕಿಗೆ ಮುಖ ಕೊಟ್ಟು ಅತ್ತಳು. ಪಕ್ಕದಲ್ಲಿ ಕೂತ ಶೈಲಜಾ ಟೀಚರ್, “ನಾಲ್ಕು ವರ್ಷದಿಂದ ದಿನಾ ಆ ಕೀಲಿ ತಗೊಂಡು ನಾನು ಹೋಗೀನಿ. ಒಂದಿನಾನೂ ನಿಮ್ಮ ನೆನಪಾಗಲಿಲ್ಲ ನೋಡು” ಎಂದರು. ‘ಇರಲಿ ಬಿಡ್ರಿ ಟೀಚರ್’ ಎಂದು ಹೇಳಬಹುದಿತ್ತು. ಹೊಳೆಮ್ಮ ಹೇಳಲಿಲ್ಲ.

ಭಾನುವಾರ ಅವಳು ಮನೆಮನೆ ತಿರುಗಿದಳು. ಮೂವತ್ತು ಮನೆ.

ಸೋಮವಾರ ಹನ್ನೊಂದರ ಬಿಡುವಿನ ಗಂಟೆ ಬಾರಿಸಿದ್ದೇ ತಡ, ಮೂವತ್ತೊಂದು ಹುಡುಗಿಯರು ಆಫೀಸಿನ ಮುಂದಿನ ಜಗುಲಿಯ ಮೇಲೆ ಸಾಲಾಗಿ ನಿಂತರು. ಬಾಟಲಿಯ ಮುಚ್ಚಳ ತೆಗೆದರು. ಒಳಗೆ ಕುರ್ಚಿಯಲ್ಲಿದ್ದ ಹೆಡ್‌ಮಾಸ್ಟರರನ್ನೇ ನೋಡುತ್ತ, ಗಟಗಟನೆ ಕುಡಿಯತೊಡಗಿದರು. ಐಶ್ವರ್ಯಳಿಗೆ ನೆತ್ತಿಗೇರಿ ಕೆಮ್ಮು ಬಂತು. ಕೆಮ್ಮಿ, ಮತ್ತೆ ಬಾಟಲಿ ಎತ್ತಿದಳು.

“ಏನಿದು ನಾಟಕ?” ಎಂದು ಅವರು ಬಾಗಿಲಿಗೆ ಬಂದರು.

“ನೀರು ಕುಡಿಯಾಕತ್ತೀವ್ರಿ ಸರ್” ಎಂದಳು ಹೊಳೆಮ್ಮ, ಖಾಲಿ ಬಾಟಲಿ ಬೋರಲು ಹಿಡಿದು. “ಒಂದೊಂದು ಲೀಟರ್. ಕೀಲಿ ಕೊಡ್ರಿ. ಇಲ್ಲಾಂದ್ರ ಅರ್ಧ ತಾಸು ತಡಕೊಂತೀವಿ. ಆಮ್ಯಾಲ ಇಲ್ಲೇ, ನಿಮ್ಮ ಬಾಗ್ಲಾಗ ಕುಂದ್ರತೀವಿ.”

ಗಂಡುಹುಡುಗರೆಲ್ಲ ಆಟ ಬಿಟ್ಟು ನೋಡುತ್ತಿದ್ದರು. ರೇವಣಸಿದ್ದಪ್ಪನವರ ದನಿ ಏರಿತು. “ತೊಳೆಯೋರು ಯಾರು? ನಿಮ್ಮಪ್ಪ ಬರ್ತಾನೇನು?”

“ಪಾಳಿ ಹಚ್ರಿ. ನಾವೂ ತೊಳೀತೀವಿ, ಗ್ವಾಡಿ ಹೊಲಸು ಮಾಡೋ ಹುಡುಗ್ರೂ ತೊಳೀಲಿ. ನೀವೂ ಬರ್ರಿ ಸರ್, ನಿಮಗ ರೂಢಿ ಐತಿ.”

 ಅಷ್ಟರಲ್ಲಿ ಏಳನೇ ತರಗತಿಯ ಕೋಣೆಯಿಂದ ಶೈಲಜಾ ಟೀಚರ್ ಹೊರಗೆ ಬಂದರು. ಕೈಯಲ್ಲಿ ಅವರದೇ ಬಾಟಲಿ. ಆಫೀಸಿಗೆ ಹೋಗಿ ಕೀಲಿ ಎತ್ತಿಕೊಳ್ಳಬಹುದಿತ್ತು, ಅವರನ್ನು ಕೇಳುವವರಿರಲಿಲ್ಲ. ಅವರು ಹೋಗಲಿಲ್ಲ. ಸಾಲಿನ ತುದಿಗೆ, ಎಲ್ಲರಿಗಿಂತ ಸಣ್ಣ ಹುಡುಗಿಯ ಹಿಂದೆ ನಿಂತು, ಸೆರಗು ಸರಿಮಾಡಿಕೊಂಡು, ಇಡೀ ಬಾಟಲಿ ಕುಡಿದು ಮುಗಿಸಿದರು.

“ಟೀಚರ್, ನೀವೂ?” ಎಂದರು ಹೆಡ್‌ಮಾಸ್ಟರ್.

ಶೈಲಜಾ ಟೀಚರ್ ಬಾಯಿ ಒರೆಸಿಕೊಂಡರು. “ಜಲ್ದಿ ತಗೀರಿ ಸರ್” ಎಂದರು. “ನನ್ನ ಮುಂದ ಮೂವತ್ತೊಂದು ಮಂದಿ ಅದಾರ.”