ಥಂಡಿ ಸಮುದ್ರಕ್ಕೆ ಸೋಮಿಬಾಯಿಯ ಹೊಲಿಗೆ

೧

ಈ ಕಥೆಯನ್ನು ಐರ್ಲೆಂಡಿನಲ್ಲಿ ಶುರು ಮಾಡಬೇಕೋ, ಗೋವಾದಲ್ಲೋ? ಐರ್ಲೆಂಡ್ ಅಂದರೆ ಮೊದಲ ವಾಕ್ಯದಲ್ಲೇ ಮಂಜು, ಕಪ್ಪು ಬಂಡೆ, ಮನೆಯೆತ್ತರದ ಅಲೆ ಸಿಗುತ್ತವೆ. ತೊಂದರೆ ಏನೆಂದರೆ ವಿದ್ಯಾ ಇನ್ನೂ ಅಲ್ಲಿಗೆ ಹೋಗಿಲ್ಲ. ನಾನೂ ಹೋಗಿಲ್ಲ. (ಮೊಣಕಾಲಿಗಿಂತ ಆಳದ ನೀರಿಗೇ ನಾನು ಇಳಿದವನಲ್ಲ. ಇದನ್ನು ಮರೆತು ಓದಿ.)

೧, ಇನ್ನೊಮ್ಮೆ

ಗೋವಾ. ವಿದ್ಯಾ ಹರ್ಮಲದ ಬೀಚಿನಲ್ಲಿ ಸರ್ಫಿಂಗ್ ಕಲಿಸುತ್ತಾಳೆ. ಇಪ್ಪತ್ಮೂರು ವರ್ಷ. ಅದೇ ಬೀಚಿನಲ್ಲಿ ಅವಳ ತಾಯಿ ಸೋಮಿಬಾಯಿ ಕನ್ನಡಿ ಕೂರಿಸಿದ ಚೀಲ ಹೊಲಿದು ಮಾರುತ್ತಾಳೆ. ಐರ್ಲೆಂಡಿನ ಕಡಲತೀರದ ಒಂದು ಸಣ್ಣ ಊರಿಂದ ವಿದ್ಯಾಳಿಗೆ ಎರಡು ವಾರದ ತರಬೇತಿಗೆ ಕರೆ ಬಂದಿದೆ. ಮುಗಿಸಿದರೆ ದೊಡ್ಡ ಅಲೆಯಲ್ಲಿ ಕಲಿಸುವ ಸರ್ಟಿಫಿಕೇಟು. ವೀಸಾ ಆಗಿದೆ, ಶುಕ್ರವಾರ ವಿಮಾನ. ಪತ್ರದ ಕೊನೆಗೊಂದು ಸಾಲು: ನೀರು ಹತ್ತು ಡಿಗ್ರಿ; ಐದು ಮಿಲಿಮೀಟರ್ ದಪ್ಪದ ವೆಟ್‌ಸೂಟ್ ನೀವೇ ತರಬೇಕು, ಇಲ್ಲದವರನ್ನು ನೀರಿಗೆ ಬಿಡುವುದಿಲ್ಲ.

ಗೋವಾದಲ್ಲಿ ಅಷ್ಟು ದಪ್ಪದ ರಬ್ಬರ್ ಅಂಗಿ ಯಾರು ಇಟ್ಟುಕೊಂಡಿರುತ್ತಾರೆ? ಸರ್ಫ್ ಶಾಲೆ ನಡೆಸುವ ಫಿರ್ದೋಸ ಮೇಡಂ ಇಟ್ಟುಕೊಂಡಿದ್ದರು, ಟ್ರಂಕಿನ ತಳದಲ್ಲಿ. ಕೊಟ್ಟೂ ಬಿಟ್ಟರು. ಆದರೆ ಅವರ ಅಂಗಿಯಲ್ಲಿ ಒಂದೂವರೆ ವಿದ್ಯಾ ಹಿಡಿಸುತ್ತಾಳೆ. ಸಡಿಲವಾದರೆ ತಣ್ಣೀರು ಒಳಗೆ ನುಗ್ಗುತ್ತದೆ.

"ಇಷ್ಟಕ್ಕ ಯಾಕ ಮಾರಿ ಸಣ್ಣದ ಮಾಡತಿ? ತಾ ಇಲ್ಲೆ," ಎಂದಳು ಸೋಮಿಬಾಯಿ.

(ಮನೆಯಲ್ಲಿ ಅವರು ಆಡುವುದು ಲಂಬಾಣಿ. ನನಗೆ ಅದರಲ್ಲಿ ಬರುವುದು 'ಯಾಡಿ' ಒಂದೇ. ಅಂದರೆ ಅವ್ವ. ಉಳಿದದ್ದನ್ನು ಅವರು ಬಿಟ್ಟುಬಂದ ವಿಜಯಪುರದ ಕನ್ನಡದಲ್ಲಿ ಆಡಿಸುತ್ತಿದ್ದೇನೆ.)

೨

ಅಂಗಿಯನ್ನು ಮಗಳ ಅಳತೆಗೆ ಕತ್ತರಿಸಿ ಮೂರು ದಿನ ಹೊಲಿದಳು. ದಪ್ಪ ಸೂಜಿ, ಜೋಡಿ ದಾರ. ಈ ಕಡೆ ಚುಚ್ಚಿ ಆ ಕಡೆ ತೆಗೆದು, ಹಲ್ಲಲ್ಲಿ ಜಗ್ಗಿ ಬಿಗಿದಳು. ಕುತ್ತಿಗೆಯ ಹಿಂದೆ ರೂಪಾಯಿಯಗಲದ ಒಂದು ಕನ್ನಡಿ ಬೇರೆ. "ದೂರಿಂದ ನಮ್ಮಾಕಿ ಅಂತ ಗೊತ್ತಾಗ್ಬೇಕು."

ವಿದ್ಯಾಳಿಗೆ ಮೊದಲ ದಿನವೇ ಗೊತ್ತಾಗಿತ್ತು. ಇಂಥ ಅಂಗಿಯ ಅಂಚನ್ನು ಅಂಟಿಸುತ್ತಾರೆ. ಸೂಜಿ ಆಚೆ ಬದಿಗೆ ಹಾಯುವಂತಿಲ್ಲ. ಹೇಳಬೇಕಿತ್ತು. ಹೇಳಲಿಲ್ಲ.

೩

ಬುಧವಾರ ಮಧ್ಯಾಹ್ನ ಮೀನು ಮಾರುವವರಿಂದ ದೊಡ್ಡ ಟಬ್ಬು, ಎರಡು ಚೀಲ ಐಸು ತಂದರು. ನೀರು ತುಂಬಿದರು. ವಿದ್ಯಾ ಅಂಗಿ ಏರಿಸಿ ಒಳಗೆ ಕುಳಿತಳು. ಒಂದು ನಿಮಿಷ ಏನೂ ಆಗಲಿಲ್ಲ. ಆಮೇಲೆ ಸೂಜಿ ಹೋದ ದಾರಿಯಲ್ಲೇ ನೀರು ಬಂತು. ಪಕ್ಕೆ, ಕಂಕುಳು, ತೊಡೆ.

"ಹೆಂಗೈತಿ?"

"ಬೆಚ್ಚಗೈತಿ, ಯಾಡಿ."

"ಮತ್ತ ಹಲ್ಲ ಯಾಕ ಕಟಕಟ ಅನ್ನಾಕತ್ತಾವ?"

"ಖುಷಿಗೆ."

೪

ಮುಕ್ತಾಯ ಒಂದು: ವಿದ್ಯಾ ಅದೇ ಅಂಗಿ ತೊಟ್ಟು ಐರ್ಲೆಂಡಿನ ಕಡಲಿಗೆ ಇಳಿಯುತ್ತಾಳೆ, ತಾಯಿಯ ಪ್ರೀತಿ ಅವಳನ್ನು ಬೆಚ್ಚಗಿಡುತ್ತದೆ. ಅರ್ಧ ಪುಟ ಬರೆದೆ. ವಿದ್ಯಾ ಓದಿದಳು. "ಪ್ರೀತಿಗೆ ಹತ್ತು ಡಿಗ್ರಿ ನೀರು ಕಾಯ್ತೈತೇನ್ರಿ? ಒಮ್ಮೆ ನೀವ ಇಳದ ನೋಡ್ರಿ." ಹೊಡೆದು ಹಾಕಿದೆ.

ಮುಕ್ತಾಯ ಎರಡು: ಅಲ್ಲಿ ಯಾರದೋ ಅಂಗಿ ಬೇಡಿ ತೊಡುತ್ತಾಳೆ, ಫೋಟೋಕ್ಕೆ ಮಾತ್ರ ತಾಯಿ ಹೊಲಿದದ್ದು. ವಿದ್ಯಾ ಎರಡು ಸಲ ಓದಿದಳು. ಇದು ಅವಳಿಗೆ ಹಿಡಿಸಿತ್ತು.

ಆದರೆ ಸೋಮಿಬಾಯಿ ನಮ್ಮ ಹಿಂದೆಯೇ ನಿಂತಿದ್ದಳು. ಕಳಚಿಟ್ಟ ಅಂಗಿಯೊಳಗೆ ಕೈ ಹಾಕಿ ನೋಡಿದ್ದಳು. ಮೊಣಕೈವರೆಗೆ ಒದ್ದೆ.

"ಏನಪಾ ಬರಿಯಾಂವ, ಆಕಿ ಸುಳ್ಳ ಹೇಳಿದ್ರ ನೀನೂ ಅದನ್ನ ಬರಕೊಂತ ಕುಂತಿ?" ನನ್ನನ್ನು ಅಷ್ಟಕ್ಕೇ ಬಿಟ್ಟು ಮಗಳ ಕಡೆ ತಿರುಗಿದಳು. "ನಿನಗ ಗೊತ್ತಿತ್ತ?"

"ಹೂಂ. ಮೊದಲ ದಿನಾನ."

"ಬಾಯಿಗೇನ ಆಗಿತ್ತ?"

"ಆರು ವರ್ಷದಾಗ ಒಮ್ಮೆರೆ ನಾ ಅಲಿ ಮ್ಯಾಲ ನಿಂತದ್ದ ನೋಡಾಕ ಬಂದೀಯೇನ? ಹಲಗಿ ಮ್ಯಾಲ ಕುಣಿಯೋದು ಅಂತಿದ್ದಿ. ಈಗ ನೀನ ಸೂಜಿ ಹಿಡದಿ. ಹೆಂಗ ಬ್ಯಾಡ ಅನ್ನಲಿ?"

(ಇಲ್ಲಿಯ ಮೌನಕ್ಕೆಂದು ಒಂದು ಉದ್ದನೆಯ ವಾಕ್ಯ ಇಟ್ಟುಕೊಂಡಿದ್ದೆ. ಸೋಮಿಬಾಯಿ ಹೊತ್ತು ಕೊಡಲಿಲ್ಲ.)

"ನಿಮ್ಮ ಲೋಕಪ್ಪ ಮಾಮಾ ಪಂಕ್ಚರ್ ಆದ ಟ್ಯೂಬಿಗೆ ಹಚ್ಚತಾನಲ್ಲ, ಆ ಸೊಲ್ಯೂಷನ್. ಫೋನ್ ಹಚ್ಚು."

ಫೋಂಡಾದಲ್ಲಿ ಪಂಕ್ಚರ್ ಅಂಗಡಿ ಇಟ್ಟಿರುವ ಅವಳ ತಮ್ಮ ಸಂಜೆಯ ಬಸ್ಸಿಗೆ ಎರಡು ಡಬ್ಬಿ ತಂದುಕೊಟ್ಟ. ಸೋಮಿಬಾಯಿ ಮೊದಲು ಮಾಡಿದ ಕೆಲಸ ದಾರ ಕತ್ತರಿಸಿ ಕನ್ನಡಿ ತೆಗೆದದ್ದು. ಅದೊಂದಾದರೂ ಇರಲಿ, ಕಥೆಗೆ ಅದೇ ಚಂದ ಎಂದೆ.

"ತೂತ ಹೆಚ್ಚಾಗತಾವ. ನಿನ್ನ ಕಥಿಗೆ ಹಚಗೋ," ಎಂದು ಕನ್ನಡಿಯನ್ನು ನನ್ನ ಕೈಗೆ ಹಾಕಿದಳು.

೫

ಗುರುವಾರ ಬೆಳಿಗ್ಗೆ. ತಾಯಿ ಎಡಕ್ಕೆ, ಮಗಳು ಬಲಕ್ಕೆ. ಬೆಂಕಿಕಡ್ಡಿಯ ತುದಿಯಲ್ಲಿ ಸೊಲ್ಯೂಷನ್ ಹಿಡಿದು ಒಂದೊಂದೇ ತೂತು ಮುಚ್ಚುತ್ತಿದ್ದಾರೆ. ಮೂರು ದಿನದ ಹೊಲಿಗೆ ಅಂದರೆ ತೂತು ಕಡಿಮೆ ಇಲ್ಲ. ಹೊರಗೆ ಟಬ್ಬಿನಲ್ಲಿ ಹೊಸ ಐಸು ಬಿದ್ದಿದೆ.

"ಈ ಸಲ ಥಂಡಿ ಹತ್ತಿದ್ರ ಥಂಡಿ ಅನ್ನು."

"ಹೂಂ, ಯಾಡಿ."

ಇದು ತಡೆಯುತ್ತದೆಯೇ? ಲಾರಿಯ ಭಾರ ತಡೀತೈತಿ ಎನ್ನುತ್ತಾನೆ ಲೋಕಪ್ಪ. ತಡೆಯಬಹುದು ಎನ್ನುತ್ತಾರೆ ಫಿರ್ದೋಸ ಮೇಡಂ, ಆ 'ಬಹುದು' ನನಗೆ ಸೇರುವುದಿಲ್ಲ. ವಿದ್ಯಾ ಪಕ್ಕೆಯ ಕೆಳಗಿನ ಸಾಲು ಮುಗಿಸಿ ತೋಳಿಗೆ ಬಂದಿದ್ದಾಳೆ. ಮೂರನೆಯ ಮುಕ್ತಾಯ ನನ್ನ ಹತ್ತಿರ ಇದೆ, ಬರೆದೂ ಬಿಡಬಹುದು. ಅದಕ್ಕೂ ಮುಂಚೆ ಅಂಟು ಹಿಡಿದಿದೆಯೇ ಎಂದು ನೋಡಲು ಬೆರಳು ಚಾಚಿದೆ.

"ಒಣಗೂ ತನಕಾ ಕೈ ಹಚ್ಚಬ್ಯಾಡ," ಎಂದಳು ಸೋಮಿಬಾಯಿ, ತಲೆ ಎತ್ತದೆ.